ಶ್ರೀಧರಣ್ಣನ ಹೋಟೆಲಿನ ರಾಷ್ಟ್ರೀಯ ಆಯ್ಕೆ ಸಮಿತಿ

ನಮ್ಮ ಮನೆಗೆ ಬಂದವರು ಕಾಫಿ ಲೋಟ ಕೈಗೆ ತಗೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಇದೆಂತದು ಮಾರಾಯ್ರೆ?"

ಟೀವಿಯ ಪಕ್ಕದಲ್ಲಿ ಹಳೇ ಸೀರೆ ಸುತ್ತಿ ಮಾಡಿದ ಒಂದು ಸಿಂಬಿ ಇದೆ. ತಲೆ ಮೇಲೆ ಕೊಡ ಹೊರುವಾಗ ಅಡಿಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ. ಆ ಸಿಂಬಿಯ ಮೇಲೆ ಒಂದು ಚೆಂಡು ಕೂತಿದೆ. ಚೆಂಡು ಅಂದೆನೇ ಹೊರತು ಅದು ಗುಂಡಗಿಲ್ಲ; ಎರಡೂ ತುದಿ ಹಿಡಿದು ಜಗ್ಗಿದ ಹಾಗೆ ಉದ್ದಕ್ಕಿದೆ. ಗ್ಯಾಸ್ ತರುವವನು "ಸೋರೆಕಾಯಿ ಬೀಜಕ್ಕೆ ಇಟ್ಟಿದ್ದಾ ಮೇಡಂ?" ಅಂತ ಕೇಳಿದ್ದಾನೆ. ನನ್ನ ಚಿಕ್ಕಮ್ಮ ಒಂದು ಸಲ ಅದಕ್ಕೆ ಕೈಮುಗಿದಳು. ಸಿಂಬಿಯ ಮೇಲೆ ಕೂತದ್ದೆಲ್ಲ ಕಲಶ ಅಂತ ಅವಳ ಲೆಕ್ಕ. ನಾನು ತಿದ್ದಲಿಲ್ಲ. ಕೈಮುಗಿಸಿಕೊಳ್ಳುವ ಅರ್ಹತೆ ಆ ಚೆಂಡಿಗೆ ಇದ್ದರೂ ಇರಬಹುದು.

ಅದು ರಗ್ಬಿ ಚೆಂಡು. ಎಲ್ಲಿಟ್ಟರೂ ನಿಲ್ಲುವ ಜಾತಿಯದ್ದಲ್ಲ. ಫುಟ್‌ಬಾಲು ಉರುಳಿದರೆ ಎತ್ತ ಉರುಳುತ್ತದೆ ಅಂತ ಹೇಳಬಹುದು. ಇದು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆ ಹಾರುತ್ತದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ನಮ್ಮ ಕಡೆಯ ಕೆಲವು ಮುಖಂಡರು ಇರುತ್ತಾರಲ್ಲ, ಹಾಗೆ.

ಚೆಂಡಿನ ಕತೆಗೆ ಮೊದಲು ನನ್ನ ಬೋರ್ಡಿನ ಕತೆ ಹೇಳಿಬಿಡುತ್ತೇನೆ. ಕೊಪ್ಪದಲ್ಲಿ ನಾನಿರುವ ಬಾಡಿಗೆ ಮನೆಯ ಗೇಟಿನಲ್ಲಿ ನನ್ನ ಹೆಸರಿದೆ, ಹೆಸರಿನ ಮುಂದೆ 'ಬಿ.ಎ., ಬಿ.ಪಿ.ಎಡ್.' ಅಂತ ಇದೆ. ಹೆಸರಿಗಿಂತ ಡಿಗ್ರಿಯ ಅಕ್ಷರ ಸ್ವಲ್ಪ ದಪ್ಪ. ಬೋರ್ಡು ಬರೆಯುವವನು ಕೈತಪ್ಪಿ ಮಾಡಿದ್ದಲ್ಲ, ನಾನೇ ಪಕ್ಕದಲ್ಲಿ ನಿಂತು ಬರೆಸಿದ್ದು. ನನ್ನ ಅಪ್ಪ ಅಮ್ಮ ಇಬ್ಬರೂ ಕಾಫಿ ಎಸ್ಟೇಟಿನಲ್ಲಿ ಕೂಲಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಒಳಗೆ ಹೋದವರು ಅಂದರೆ ನನ್ನ ಮಾವ, ಅದೂ ಸುಣ್ಣ ಹೊಡೆಯಲಿಕ್ಕೆ. ದೈಹಿಕ ಶಿಕ್ಷಣದ ಕೋರ್ಸಿಗೆ ಸೇರುತ್ತೇನೆ ಅಂದಾಗ ಅಪ್ಪ ಬೀಡಿ ಆರಿಸಿ ಕೇಳಿದ್ದರು: "ಓಡೋಕೆ ಕಲಿಸೋಕೂ ಡಿಗ್ರಿಯಾ? ಹಿಂದೆ ಒಂದು ನಾಯಿ ಬಿಟ್ರೆ ಆಗ್ಲಿಲ್ವಾ?"

ಘಟಿಕೋತ್ಸವದ ಕಪ್ಪು ಗೌನು ಹಾಕಿಕೊಂಡ ಫೋಟೋ ಮನೆಯಲ್ಲಿ ನೇತು ಹಾಕಿದ ಮೇಲೆ ಎಸ್ಟೇಟಿನ ಕೂಲಿ ಲೈನಿನ ಮನೆಯವರೆಲ್ಲ ನಾನು ಲಾಯರ್ ಆದೆ ಅಂತ ತಿಳಿದುಕೊಂಡರು. ಬೇಲಿ ತಕರಾರು ಹಿಡಿದುಕೊಂಡು ಒಬ್ಬರು ಬಂದೇ ಬಂದರು. ಗೌನಿನ ಮರ್ಯಾದೆ ಹೋಗಬಾರದು ಅಂತ ನಾನೂ ಗಂಭೀರವಾಗಿ "ಮೊದಲು ಸರ್ವೆ ಮಾಡ್ಸಿ" ಅಂದೆ. ಅದು ಸರಿಯಾದ ಸಲಹೆಯೇ ಆಗಿತ್ತಂತೆ. ಬೇಲಿ ಹಿಂದೆ ಹೋಯಿತು, ಒಂದು ಗೊನೆ ಬಾಳೆಹಣ್ಣು ನಮ್ಮ ಮನೆಗೆ ಬಂತು. ಗೊತ್ತಿಲ್ಲದ ವಿಷಯದ ಬಗ್ಗೆ ಗಟ್ಟಿಯಾಗಿ ಮಾತಾಡಿದರೆ ಫಲ ಸಿಗುತ್ತದೆ ಅಂತ ನಾನು ಕಲಿತದ್ದು ಆಗಲೇ. ನಮ್ಮ ತಾಲ್ಲೂಕಿನ ಗಂಡಸರು ಅದನ್ನು ಹುಟ್ಟುವಾಗಲೇ ಕಲಿತು ಬಂದಿರುತ್ತಾರೆ ಅಂತ ಗೊತ್ತಾದದ್ದು ಮಾತ್ರ ಈ ಚೆಂಡಿನಿಂದ.

ನಾನು ಕೆಲಸ ಮಾಡುವುದು ಮೇಗುಂದದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಒಂದು ವರ್ಷ ಇಲಾಖೆಯಿಂದ ಆಟದ ಸಾಮಾನಿನ ಮೂಟೆ ಬಂತು. ಬಿಚ್ಚಿದರೆ ಸ್ಕಿಪ್ಪಿಂಗ್ ಹಗ್ಗ, ಒಂದಿಷ್ಟು ರಿಂಗು, ಕೊನೆಗೆ ಇದು. ಹೆಡ್‌ಮಾಸ್ಟರು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಗೋಡೌನಲ್ಲಿ ಮೂಟೆ ಅಡಿ ಸಿಕ್ಕಿ ಫುಟ್‌ಬಾಲ್ ಜಜ್ಜಿ ಹೋಗಿದೆ. ಬದಲಿ ಕೊಡಿ ಅಂತ ಬರೀರಿ" ಅಂದರು. ಬರೆಯುವ ಮೊದಲೇ ಇಲಾಖೆಯಿಂದ ತರಬೇತಿಯ ಆದೇಶ ಬಂತು. ನಾನು ಹೋದೆ. ತರಬೇತುದಾರರು ಹಿಂದಿಯಲ್ಲಿ ಹೇಳಿದರು, ಪಕ್ಕದವರು ಅದನ್ನು ಅರ್ಧಂಬರ್ಧ ಕನ್ನಡದಲ್ಲಿ ಹೇಳಿದರು, ಉಳಿದದ್ದನ್ನು ನನ್ನ ಮೊಣಕಾಲು ಅರ್ಥ ಮಾಡಿಕೊಂಡಿತು. ಊದಿದ ಕಾಲು ಎಳೆದುಕೊಂಡು ಬಂದವಳು ಮೂರು ತಾಲ್ಲೂಕಿಗೆ, ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಕ್ಕೆ, ರಗ್ಬಿ ಗೊತ್ತಿದ್ದ ಏಕೈಕ ವ್ಯಕ್ತಿಯಾಗಿಬಿಟ್ಟೆ.

ಈ ಆಟದಲ್ಲಿ ಆಡುವವರು ಮುಂದಕ್ಕೆ ಓಡಬೇಕು, ಚೆಂಡನ್ನು ಮಾತ್ರ ಹಿಂದಕ್ಕೆ ಎಸೆಯಬೇಕು. ಮುಂದಕ್ಕೆ ಎಸೆದರೆ ತಪ್ಪು. ಇದನ್ನು ಕೇಳಿ ಮಕ್ಕಳು ನಕ್ಕರು. "ಹಾಗಾದ್ರೆ ಮುಂದೆ ಹೋಗೋದು ಹ್ಯಾಗೆ ಮೇಡಂ?" ಅಂದರು. "ನಮ್ಮ ಇಲಾಖೆಯ ಫೈಲು ಹಾಗೇ ಅಲ್ವಾ ಹೋಗೋದು? ಎಲ್ಲರೂ ಹಿಂದಿನವರಿಗೇ ಕೊಡ್ತಾರೆ, ಆದ್ರೂ ಯಾವತ್ತೋ ಒಂದಿನ ಬೆಂಗಳೂರು ಮುಟ್ತದೆ" ಅಂದೆ. ಹೆಡ್‌ಮಾಸ್ಟರು ಕೆಮ್ಮಿದರು.

ನಮ್ಮ ಶಾಲೆಯ ಮೈದಾನ ಇಳಿಜಾರು. ಕೆಳಗಿನ ತುದಿಯಲ್ಲಿ ಒಂದು ಚರಂಡಿ. ಚೆಂಡು ಕೈತಪ್ಪಿದರೆ ನೇರ ಚರಂಡಿಗೆ, ತಪ್ಪಿಸಿದವರೇ ಇಳಿದು ತರಬೇಕು. ಜೂನಿನಿಂದ ಅಲ್ಲಿ ರಕ್ತ ಹೀರುವ ಉಂಬಳದ ರಾಜ್ಯ. ಹಾಗಾಗಿ ನಮ್ಮ ಮಕ್ಕಳು ಚೆಂಡನ್ನು ಎದೆಗವಚಿಕೊಳ್ಳುವುದನ್ನು ಬಲು ಬೇಗ ಕಲಿತರು. ಎಲ್ಲರಿಗಿಂತ ಬೇಗ ಕಲಿತವಳು ಚೈತ್ರ. ಅವಳ ಅಮ್ಮ ಗಿರಿಜಕ್ಕ ಎಸ್ಟೇಟಿನ ಆಳು, ಅಪ್ಪ ಗಾರೆ ಕೆಲಸ. ಹುಡುಗಿ ಚೆಂಡು ಹಿಡಿದು ಹೊರಟಳು ಅಂದರೆ ಎದುರಿಗೆ ನಿಂತವರು ನಿಂತಲ್ಲೇ ದಾರಿ ಬಿಡುತ್ತಿದ್ದರು, ಕೆಲವರು ಬಿದ್ದು ಬಿಡುತ್ತಿದ್ದರು. ಹೈಸ್ಕೂಲು ಮುಗಿಸಿ ಪಿಯುಸಿಗೆ ಹೋದ ಮೇಲೂ ಸಂಜೆ ನಮ್ಮ ಮೈದಾನಕ್ಕೆ ಬರುತ್ತಿದ್ದಳು. ಜಿಲ್ಲೆ ಆಯಿತು, ರಾಜ್ಯ ಆಯಿತು, ಪಿಯುಸಿಯ ಎರಡನೇ ವರ್ಷದಲ್ಲಿ ದೇಶದ ಹುಡುಗಿಯರ ತಂಡಕ್ಕೆ ಆರಿಸುವ ಶಿಬಿರಕ್ಕೆ ಕಲ್ಕತ್ತಾಕ್ಕೆ ಕರೆ ಬಂತು.

ಅವಳು ಆಡುವ ಜಾಗದ ಹೆಸರು ಸೆಂಟರ್. ಹದಿನೈದು ಜನರ ತಂಡದಲ್ಲಿ ಸೆಂಟರ್ ಅಂತ ಇಬ್ಬರಿರುತ್ತಾರೆ. ಎದುರಿನವರ ಸಾಲಿಗೆ ಗುದ್ದಿ ಕಂಡಿ ಮಾಡುವುದು ಒಂದು ಕೆಲಸ. ಸರಿಯಾದ ಹೊತ್ತಿಗೆ ಚೆಂಡನ್ನು ಪಕ್ಕದವರಿಗೆ ದಾಟಿಸುವುದು ಇನ್ನೊಂದು. ಒಂದು ಜಾಗ ನಾಯಕಿಗೆ ಅಂತ ಮೊದಲೇ ಗಟ್ಟಿಯಾಗಿತ್ತು. ಉಳಿದ ಒಂದು ಜಾಗಕ್ಕೆ ನಮ್ಮ ಚೈತ್ರ, ಮತ್ತೆ ಒಡಿಶಾದ ಒಬ್ಬಳು. ನಮ್ಮವಳು ಗುದ್ದುವವಳು, ಅವಳು ದಾಟಿಸುವವಳು.

ಇಷ್ಟೇ ಆಗಿದ್ದರೆ ಇದು ಆಟದ ಮಾತು. ಆದರೆ ಇದರ ಹಿಂದೆ ಇನ್ನೊಂದು ಇತ್ತು. ದೇಶದ ತಂಡಕ್ಕೆ ಆಯ್ಕೆಯಾದರೆ ಮೈಸೂರಿನ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು, ಉಳಿಯಲಿಕ್ಕೆ ಹಾಸ್ಟೆಲು. ಆಗದಿದ್ದರೆ ಪಿಯುಸಿಗೇ ಮಂಗಳ ಹಾಡಿ ಅಮ್ಮನ ಜೊತೆ ಕಾಫಿ ಕೊಯ್ಯಲಿಕ್ಕೆ. ಮೂರನೆಯ ದಾರಿ ಆ ಮನೆಯಲ್ಲಿ ಇರಲಿಲ್ಲ. ಗಿರಿಜಕ್ಕ ನನ್ನ ಬೋರ್ಡು ನೋಡಿದ್ದರು. ಅಕ್ಷರ ಓದಲು ಬಾರದಿದ್ದರೂ ಹೆಸರಿನ ಮುಂದೆ ಇರುವುದು ಏನು ಅಂತ ಅವರಿಗೆ ಗೊತ್ತಿತ್ತು. "ನಮ್ಮವಳಿಗೂ ಅದು ಆಗ್ಬೇಕು ಮೇಡಂ" ಅಂದಿದ್ದರು, ಬೆರಳು ತೋರಿಸಿ.

ಚೈತ್ರಳ ಫೋಟೋ ಪೇಪರಿನ ಜಿಲ್ಲಾ ಪುಟದಲ್ಲಿ ಬಂದ ದಿನವೇ ಬಸ್ ಸ್ಟ್ಯಾಂಡ್ ಎದುರಿನ ಶ್ರೀಧರಣ್ಣನ ಹೋಟೆಲಿನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿ ಸ್ಥಾಪನೆಯಾಯಿತು. ನಾನು ದಿನಾ ಬೆಳಗ್ಗೆ ಮೇಗುಂದದ ಬಸ್ಸಿಗೆ ಮೊದಲು ಅಲ್ಲಿ ಬನ್ಸು ತಿನ್ನುವವಳು. ಹಾಗಾಗಿ ಸಮಿತಿಯ ಎಲ್ಲ ಕಲಾಪಕ್ಕೂ ಸಾಕ್ಷಿ.

ಸಮಿತಿಯಲ್ಲಿ ಕೊಪ್ಪದ ಪ್ರತಿನಿಧಿ ಶ್ರೀಧರಣ್ಣ. ಅವರ ಆಟದ ಅನುಭವ ಗಲ್ಲಾ ಪೆಟ್ಟಿಗೆಯಿಂದ ಅಡಿಗೆ ಮನೆಯವರೆಗೆ. ಶೃಂಗೇರಿಯ ಪ್ರತಿನಿಧಿ ಕಿಗ್ಗದ ಸುಬ್ರಾಯ ಭಟ್ರು. ಕೊಪ್ಪದ ಕೋರ್ಟಿನಲ್ಲಿ ಅವರದೊಂದು ವ್ಯಾಜ್ಯ ಇದೆ, ಅದು ಮುಗಿಯದಿರಲಿ ಅಂತ ಅವರೇ ಹರಕೆ ಹೊತ್ತಿದ್ದಾರೆ ಅಂತ ಶ್ರೀಧರಣ್ಣ ಹೇಳುವುದು. ಎನ್.ಆರ್.ಪುರದ ಪ್ರತಿನಿಧಿ ಥಾಮಸಣ್ಣ, ರಬ್ಬರ್ ಬೆಳೆಗಾರ. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದವರಾದ್ದರಿಂದ ಚೆಂಡು ಅನ್ನುವ ಚೆಂಡಿನ ಮೇಲೆಲ್ಲ ತನಗೆ ಪಿತ್ರಾರ್ಜಿತ ಹಕ್ಕು ಇದೆ ಅಂತ ಅವರ ನಂಬಿಕೆ.

ಮೊದಲು ತೀರ್ಮಾನ ಆಗಬೇಕಾದದ್ದು ಚೈತ್ರ ಯಾವ ತಾಲ್ಲೂಕಿನವಳು ಅಂತ.

"ಓದಿದ್ದು ಕೊಪ್ಪ ತಾಲ್ಲೂಕಲ್ಲಿ, ಕೊಪ್ಪದವಳು. ಮುಗೀತು" ಅಂದರು ಶ್ರೀಧರಣ್ಣ.

"ಅದು ಹ್ಯಾಂಗೆ ಮುಗಿತ್ತು?" ಭಟ್ರು ಲೋಟ ಕೆಳಗಿಟ್ಟರು. "ಆ ಕೂಸಿನ ಅಬ್ಬೆಯ ತೌರು ಕಿಗ್ಗದ ಬದಿ. ಹುಟ್ಟಿದ್ದು ಅಜ್ಜನ ಮನೆಲಿ."

"ಅಪ್ಪನ ಊರು ನಮ್ದು" ಅಂದರು ಥಾಮಸಣ್ಣ. "ಅಪ್ಪನ ಊರು ತಾನೇ ಬರೋದು ಎಲ್ಲಾ ಕಡೆ?"

ಹುಡುಗಿ ನೀರಿನ ಕೊಡ ಹೊತ್ತು ಓಡಾಡುವಾಗ ಮೂರು ತಾಲ್ಲೂಕಿನಲ್ಲಿ ಒಂದಕ್ಕೂ ಬೇಡವಾಗಿದ್ದಳು. ಪೇಪರಿನಲ್ಲಿ ಬಂದ ಮೇಲೆ ಮೂರಕ್ಕೂ ಬೇಕಾದಳು.

ಎರಡನೆಯ ಹಂತ ತಾಂತ್ರಿಕ ಚರ್ಚೆ. ಶ್ರೀಧರಣ್ಣ ಮೇಜಿನ ಮೇಲೆ ಕರಿದ ಗುಂಡು ಗುಂಡು ಗೋಳಿಬಜೆ ಜೋಡಿಸಿ ಮೈದಾನ ಮಾಡಿದರು. ಚಟ್ನಿ ಬಟ್ಟಲು ಗೋಲು. ರಗ್ಬಿಯಲ್ಲಿ ಆ ಥರದ ಗೋಲು ಇಲ್ಲ ಅಂತ ನಾನು ಬಾಯಿ ತೆರೆದೆ.

"ನೀವು ಬನ್ಸ್ ತಿನ್ನಿ ಮೇಡಂ, ಬಸ್ಸು ಬರ್ತದೆ" ಅಂದರು. "ಇಲ್ಲಿ ನೋಡಿ, ಸೆಂಟರ್ ಅಂದ್ರೆ ಸಪ್ಲೈಯರ್ ಇದ್ದ ಹಾಗೆ. ಅಡಿಗೆ ಮನೆಯಿಂದ ಬಂದದ್ದನ್ನ ಟೇಬಲ್ಲಿಗೆ ಮುಟ್ಟಿಸ್ಬೇಕು. ಅವ್ನೇ ಮಧ್ಯದಲ್ಲಿ ನಿಂತು ಗಿರಾಕಿಗೆ ಗುದ್ದಿದ್ರೆ ಹೋಟೆಲ್ ನಡಿತದಾ?"

"ಹಾಗಾದ್ರೆ ಒಡಿಶಾದವಳೇ ಸರಿ ಅಂತಾಯ್ತು ನಿಮ್ಮ ಪ್ರಕಾರ" ಅಂದೆ.

ಶ್ರೀಧರಣ್ಣ ತಬ್ಬಿಬ್ಬಾದರು. ತಮ್ಮ ವಾದ ತಮ್ಮ ಅಭ್ಯರ್ಥಿಗೇ ತಿರುಗಿ ಬಿದ್ದದ್ದು ಅವರಿಗೆ ಆಗ ಕಂಡಿದ್ದು. ಒಂದು ಗೋಳಿಬಜೆ ಎತ್ತಿ ಬಾಯಿಗೆ ಹಾಕಿಕೊಂಡರು. ಯಾವ ಆಟಗಾರ್ತಿಯನ್ನು ತಿಂದರು ಅಂತ ತಿಳಿಯಲಿಲ್ಲ.

"ನಮ್ಮವಳು ಸಪ್ಲೈಯೂ ಮಾಡ್ತಾಳೆ, ಗುದ್ದೂದೂ ಗುದ್ದುತ್ತಾಳೆ" ಅಂತ ಥಾಮಸಣ್ಣ ಅವರನ್ನು ಕಾಪಾಡಿದರು. "ಆ ಒಡಿಶಾದವಳ ಕಾಲು ಸರಿ ಇಲ್ಲ. ಎಡಗಾಲು ವೀಕು."

"ನೀವು ನೋಡಿದ್ದೀರಾ ಥಾಮಸಣ್ಣ?"

"ನೋಡ್ಬೇಕು ಅಂತ ಇಲ್ಲ ಮೇಡಂ. ಗೊತ್ತಾಗ್ತದೆ."

ಹೀಗೆ ವಾರಗಟ್ಟಲೆ. ಕೊನೆಕೊನೆಗೆ ಬೇರೆ ಮೇಜಿನವರೂ ಸೇರಿಕೊಂಡರು. ಬಸ್ ಏಜೆಂಟ್ ಬಂದು ಸೆಂಟರ್ ಎತ್ತರ ಇರಬೇಕು ಅಂದ. ಮೆಡಿಕಲ್ ಶಾಪಿನವನು ಗಿಡ್ಡ ಇರಬೇಕು ಅಂದ. ಇಬ್ಬರಿಗೂ ಮಾತು ಬಿಟ್ಟಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಸಲ ತಡೆಯದೆ, "ನಾನು ಅವಳಿಗೆ ಕಲಿಸಿದ್ದು, ಗೊತ್ತುಂಟಾ?" ಅಂದೆ. "ಅದು ಸರಿ ಮೇಡಂ, ನೀವು ಕಲಿಸೋದು ಕಲಿಸಿದ್ರಿ" ಅಂದರು ಭಟ್ರು ಬಹಳ ಗೌರವದಿಂದ, "ಇದು ಆಯ್ಕೆಯ ವಿಚಾರ." ನನ್ನ ಬೋರ್ಡನ್ನು ಬಿಚ್ಚಿ ತಂದು ಮೇಜಿನ ಮೇಲೆ ಕುಕ್ಕಬೇಕು ಅನ್ನಿಸಿತು.

ಆಮೇಲೆ ಫ್ಲೆಕ್ಸ್ ಬಂತು. ಬಸ್ ಸ್ಟ್ಯಾಂಡಿನ ಎದುರು, ಎರಡು ಕಂಬಕ್ಕೆ ಕಟ್ಟಿ. 'ಸೆಂಟರ್ ಸ್ಥಾನ ನಮ್ಮ ಹಕ್ಕು' ಅಂತ ದೊಡ್ಡಕ್ಷರ. ಮೇಲೆ ಸಾಲಾಗಿ ಸಮಿತಿಯವರ ಫೋಟೋ, ನಡುವೆ ಕೈಮುಗಿದ ಶ್ರೀಧರಣ್ಣ, ಸೂಟು ತೊಟ್ಟ ಥಾಮಸಣ್ಣ, ಶಾಲು ಹೊದ್ದ ಭಟ್ರು, ಶುಭ ಕೋರುವವರು, ಶುಭ ಕೋರುವವರಿಗೆ ಶುಭ ಕೋರುವವರು. ಚೈತ್ರ ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಇದ್ದಳು. ಗಿರಿಜಕ್ಕ ಬಸ್ಸಿಂದ ಇಳಿದು ಬಹಳ ಹೊತ್ತು ಹುಡುಕಿ, "ಹಾಂ, ಇಲ್ಲಿದಾಳೆ" ಅಂದರು.

ಇನ್ನು ನನ್ನ ಪಾಲಿನ ಅಧಿಕಪ್ರಸಂಗ. ಆಯ್ಕೆಯ ಕೊನೆಯ ಪಂದ್ಯ ಒಂದು ಭಾನುವಾರ ಮಧ್ಯಾಹ್ನ. ಎರಡು ದಿನ ಮೊದಲು ಚೈತ್ರ ಫೋನ್ ಮಾಡಿದಳು. "ಮೇಡಂ, ಇಲ್ಲಿ ನೆಲ ಎಲ್ಲ ಒಣಗಿ ಕಲ್ಲಾಗಿದೆ. ಇಂಥದ್ರಲ್ಲಿ ಅವಳ ಪಾಸು ದಾರ ಕಟ್ಟಿ ಎಳೆದ ಹಾಗೆ ಹೋಗ್ತದೆ. ಒಂದು ಮಳೆ ಬಂದು ಚೆಂಡು ಜಾರಿದ್ರೆ ಯಾರ ಪಾಸೂ ನಡೆಯಲ್ಲ, ಆಗ ನಾನು ಅಂದ್ರೆ ನಾನೇ" ಅಂದು ನಕ್ಕಳು. ಹುಡುಗಿ ತಮಾಷೆಗೆ ಅಂದ ಮಾತು. ಅದನ್ನು ನಾನು ಮರುದಿನ ಬೆಳಗ್ಗೆ ಬನ್ಸಿನ ಜೊತೆ ಹೋಟೆಲಿನಲ್ಲಿ ಬಿಟ್ಟುಬಿಟ್ಟೆ.

ಎಲ್ಲರ ಮುಖವೂ ಭಟ್ರ ಕಡೆ ತಿರುಗಿತು.

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು: ಕಿಗ್ಗದ ಋಷ್ಯಶೃಂಗ ದೇವರು ಮಳೆಯ ದೇವರು. ಬರ ಬಂದರೆ ಮಳೆ ಕೊಡು ಅಂತ ಅಲ್ಲಿಗೇ ಹೋಗುವುದು, ಅತಿಯಾದರೆ ಸಾಕು ಮಾಡು ಅಂತಲೂ ಅಲ್ಲಿಗೇ.

"ನಮ್ಮ ದೇವರು ಇರುವಾಗ ನಾವು ಗೋಳಿಬಜೆ ಇಟ್ಕೊಂಡು ಲೆಕ್ಕ ಹಾಕ್ತಾ ಕೂತದ್ದಲ್ಲ!" ಅಂದರು ಭಟ್ರು. ಚೈತ್ರ ಯಾವ ತಾಲ್ಲೂಕಿನವಳು ಅನ್ನುವ ತಕರಾರಿನಲ್ಲಿ ಆ ಕ್ಷಣ ಶೃಂಗೇರಿಯ ಕೈ ಮೇಲಾಯಿತು.

ಭಾನುವಾರ ಬೆಳಗ್ಗೆ ಥಾಮಸಣ್ಣನ ಜೀಪಿನಲ್ಲಿ ಕಿಗ್ಗಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಗಿರಿಜಕ್ಕ. ಗಿರಿಜಕ್ಕ ದಾರಿಯುದ್ದಕ್ಕೂ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಒಂದೇ ಒಂದು ಸಲ, "ಮಳೆ ಬಂದ್ರೆ ಸೀಟು ಸಿಗ್ತದಾ ಮೇಡಂ?" ಅಂತ ಕೇಳಿದರು. "ಸಿಗ್ಬಹುದು" ಅಂದೆ. ವಾರಕ್ಕೊಂದು ಸಲ ಪ್ರಾರ್ಥನೆಯ ನಂತರ ಮಕ್ಕಳಿಗೆ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಮಾಡುವವಳು ನಾನೇ. ದೇವಸ್ಥಾನದಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ನಿಂತವಳೂ ನಾನೇ. ನಮ್ಮ ವಿಜ್ಞಾನದ ಮೇಷ್ಟ್ರ ಹೆಂಡತಿಯ ಮನೆ ಕಿಗ್ಗದಲ್ಲೇ ಇದೆ ಅನ್ನುವುದು ನೆನಪಾಗಿ ಮೆಲ್ಲಗೆ ಕಂಬದ ಮರೆಗೆ ಸರಿದೆ.

ಭಟ್ರು ವಿಷಯ ಅರಿಕೆ ಮಾಡಿದರು. ಪೂಜೆಯವರು ಕೇಳಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಮಳೆ ಬೇಕು ಅಂತ ಬರುವವರುಂಟು. ಬೇಡ ಅಂತ ಬರುವವರೂ ಉಂಟು. ಬೇರೆ ಊರಿಗೆ ಪಾರ್ಸೆಲ್ ಮಾಡಿ ಅಂತ ಬಂದವರು ನೀವೇ ಮೊದಲು."

"ಕಲ್ಕತ್ತಾಕ್ಕೆ ಮಾತ್ರ. ಇವತ್ತು ಮಧ್ಯಾಹ್ನ" ಅಂದರು ಶ್ರೀಧರಣ್ಣ, ಪಾರ್ಸೆಲಿನ ವಿಷಯ ತಮಗೆ ಗೊತ್ತಿರುವುದರಿಂದ.

"ಸಂಕಲ್ಪದಲ್ಲಿ ಕೂತ ಜಾಗ ಹೇಳ್ಬೇಕಾಗ್ತದೆ. ಅದು ಇಲ್ಲಿದೇ ಬರೋದು. ಕಲ್ಕತ್ತಾದ ಹೆಸರನ್ನೂ ಸೇರಿಸ್ತೇನೆ, ಆಗ್ಬಹುದು. ಅವನು ಯಾವ ವಿಳಾಸ ಹಿಡಿತಾನೆ ಅಂತ ನಾನು ಹೇಳ್ಲಿಕ್ಕೆ ಆಗ."

"ಗಂಗಾತೀರ ಅಂತ ಒತ್ತಿ ಹೇಳಿ" ಅಂದರು ಭಟ್ರು.

ಒತ್ತಿಯೇ ಹೇಳಿದರು. ನಮಗೆಲ್ಲ ಕೇಳಿಸಿತು.

ವಾಪಸ್ ಬರುವಾಗ ಶೃಂಗೇರಿ ದಾಟುವಷ್ಟರಲ್ಲಿ ಗಾಳಿ ತಣ್ಣಗಾಯಿತು. ಕೊಪ್ಪ ಮುಟ್ಟುವಾಗ ಮೋಡ ಕಪ್ಪಾಗಿ ಇಳಿದಿತ್ತು. ಹೋಟೆಲಿನ ಟೀವಿಗೆ ಫೋನ್ ಸೇರಿಸಿ ಪಂದ್ಯ ನೋಡುವ ವ್ಯವಸ್ಥೆ ಆಗಿತ್ತು, ಐವತ್ತು ಜನ ಹಿಡಿಯುವಲ್ಲಿ ಊರಿಡೀ ತುಂಬಿತ್ತು. ಮೊದಲ ಹನಿ ತಗಡಿನ ಮೇಲೆ ಬಿದ್ದಾಗ ಎಲ್ಲರೂ "ಬಂತು! ಬಂತು!" ಅಂತ ಎದ್ದು ನಿಂತು ಚಪ್ಪಾಳೆ ಹೊಡೆದರು. ಭಟ್ರು ಕಣ್ಣು ಮುಚ್ಚಿ ಕೈಮುಗಿದರು. ಸ್ವಲ್ಪ ಹೊತ್ತಾದ ಮೇಲೆ ಥಾಮಸಣ್ಣ ನಿಧಾನಕ್ಕೆ ಹೇಳಿದರು:

"ಅಲ್ಲಾ... ಇಲ್ಲಿ ಯಾಕೆ ಬಂತು?"

ಟೀವಿಯಲ್ಲಿ ಕಲ್ಕತ್ತಾ. ರಣ ಬಿಸಿಲು. ಹುಡುಗಿಯರು ಓಡಿದಲ್ಲೆಲ್ಲ ಕೆಂಪು ಧೂಳು ಏಳುತ್ತಿತ್ತು. ಇಲ್ಲಿ ತಲೆಯ ಮೇಲೆ ತಗಡು ಹರಿದು ಹೋಗುವ ಹಾಗೆ ಮಳೆ. ಟೀವಿಯಲ್ಲಿ ಯಾರೋ ಬೆವರು ಒರೆಸಿಕೊಂಡು ನೀರು ಕುಡಿಯುತ್ತಿದ್ದಾರೆ. ನಮ್ಮವಳು ಕೆಂಪು ಅಂಗಿಯಲ್ಲಿ ಕಂಡಳು. ಚೆಂಡು ಹಿಡಿದಳು, ಒಬ್ಬಳನ್ನು ದಾಟಿದಳು, ಇನ್ನೊಬ್ಬಳಿಗೆ ಗುದ್ದಿದಳು. ಇಡೀ ಹೋಟೆಲು "ಹೋಯ್!" ಅಂದಿತು, ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಎಲ್ಲೋ ಮರ ಬಿದ್ದು ತಂತಿ ಹರಿದಿತ್ತು. ಅದರ ಹಿಂದೆಯೇ ಟವರೂ ಸತ್ತು ಫೋನುಗಳೆಲ್ಲ ಕಲ್ಲಾದವು. ಶ್ರೀಧರಣ್ಣನ ಹೆಂಡತಿ ತಾರಸಿಯಲ್ಲಿ ಒಣಗಲು ಹಾಕಿದ್ದ ಹಪ್ಪಳ ಗಂಜಿಯಾಯಿತು. ಥಾಮಸಣ್ಣನಿಗೆ ಮನೆಯಲ್ಲಿ ನೇತು ಹಾಕಿದ ರಬ್ಬರ್ ಶೀಟಿನ ಯೋಚನೆ. ರಾಷ್ಟ್ರೀಯ ಆಯ್ಕೆ ಸಮಿತಿ ಕತ್ತಲು ಕವಿದ ಮಧ್ಯಾಹ್ನದಲ್ಲಿ ಮೇಣದ ಬತ್ತಿ ಹುಡುಕುತ್ತಾ ನಿಂತಿತು.

"ಗಂಗಾತೀರ ಅಂತ ಒತ್ತಿಯೇ ಹೇಳಿದ್ದು" ಅಂತ ಭಟ್ರು ಒಬ್ಬೊಬ್ಬರಿಗೂ ಹೇಳುತ್ತಿದ್ದರು. "ದೇವರಿಗೂ ಒಂದು ವ್ಯಾಪ್ತಿ ಅಂತ ಇರ್ತದೆ ಭಟ್ರೆ" ಅಂದರು ಶ್ರೀಧರಣ್ಣ. "ನಮ್ಮ ಪೊಲೀಸ್ ಸ್ಟೇಷನ್ ಇದ್ದ ಹಾಗೆ."

ಮರುದಿನ ಸಂಜೆ ನಾನು ಶಾಲೆಯಿಂದ ಬಂದು ಹೋಟೆಲಿನ ಎದುರು ಇಳಿಯುವಾಗ ಫೋನಿಗೆ ಜೀವ ಬಂತು. ಬಂದ ಕೂಡಲೇ ಚೈತ್ರ.

"ಮೇಡಂ, ಸೆಂಟರಿಗೆ ಅವಳನ್ನೇ ತಗೊಂಡ್ರು."

ಫೋನು ಕಿವಿಗೆ ಒತ್ತಿಕೊಂಡು ರಸ್ತೆ ಬದಿಗೆ ಸರಿದೆ.

"ನನ್ನನ್ನ ರಿಸರ್ವ್ ಅಂತ ಹಾಕಿದಾರೆ. ತಂಡದ ಜೊತೆ ಹೋಗ್ತೀನಿ, ಆದ್ರೆ ಹೊರಗೆ ಬೆಂಚಲ್ಲಿ ಕೂರ್ಬೇಕು." ಆಮೇಲೆ ಅವಳೇ ಹೇಳಿದಳು: "ಅವಳು ಚೆನ್ನಾಗಿ ಆಡಿದ್ಲು ಮೇಡಂ. ನಾನಾಗಿದ್ರೂ ಅವಳನ್ನೇ ಹಾಕ್ತಿದ್ದೆ. ಅಮ್ಮಂಗೆ ನೀವೇ ಹೇಳ್ತೀರಾ?"

ಹೋಟೆಲಿನೊಳಗೆ ಹೋಗಿ ಹೇಳಿದೆ. ಒಬ್ಬೊಬ್ಬರೇ ಬಾಯಿ ಬಿಟ್ಟರು. ಇದು ಉತ್ತರದವರ ಲಾಬಿ ಅಂತ ಥಾಮಸಣ್ಣ. ನಮ್ಮವರಿಗೆ ಒಗ್ಗಟ್ಟಿಲ್ಲ ಅಂತ ಭಟ್ರು. ಮೂರು ತಾಲ್ಲೂಕು ಬಂದ್ ಮಾಡಬೇಕು ಅಂತ ಒಬ್ಬರು. ಹೋಟೆಲ್ ಒಂದು ಬಿಟ್ಟು ಅಂತ ಶ್ರೀಧರಣ್ಣ. ರಿಸರ್ವ್ ಕೊಟ್ಟದ್ದು ಮೂಗಿಗೆ ತುಪ್ಪ ಸವರಿದ್ದು, ಚೈತ್ರ ಅದನ್ನು ತಿರಸ್ಕರಿಸಿ ವಾಪಸ್ ಬರಬೇಕು, ಸ್ವಾಭಿಮಾನ ಅಂತ ಒಂದು ಇದೆಯಲ್ಲ ಅಂತ ತೀರ್ಮಾನಕ್ಕೂ ಬಂದರು. "ಮೇಡಂ, ಫೋನ್ ಮಾಡಿ ಹೇಳಿ ಅವಳಿಗೆ. ಕೊಟ್ರೆ ಸೆಂಟರ್, ಇಲ್ದಿದ್ರೆ ಬೇಡ."

ಆಗ ಗಿರಿಜಕ್ಕ ಬಾಗಿಲಲ್ಲಿ ಕಂಡರು. ಕೆಲಸದ ಬಟ್ಟೆಯಲ್ಲೇ ಇದ್ದರು, ಕಂಕುಳಲ್ಲಿ ಸಿಂಬಿ. ಎಸ್ಟೇಟಿನಲ್ಲಿ ಬೇಗ ಬಿಟ್ಟಿದ್ದರಂತೆ. ಕಾಫಿ ಹೂ ಅರಳಲಿಕ್ಕೆ ಬೇಕಾದ ಮಳೆ ಕೇಳದೆಯೇ ಬಿದ್ದಿತ್ತಲ್ಲ, ಆಳುಗಳಿಗೆಲ್ಲ ಲಾಡು ಹಂಚಿದ್ದರು.

"ನಮ್ಮ ಸಾಹುಕಾರ್ರಿಗೆ ಹೂಮಳೆ ಆಯ್ತು" ಅಂದರು ಗಿರಿಜಕ್ಕ. "ಚೈತ್ರಂಗೆ ಎಂತ ಆಯ್ತು ಮೇಡಂ?"

ಶ್ರೀಧರಣ್ಣ ಬಟ್ಟೆ ತಗೊಂಡು ಒರೆಸಿದ ಮೇಜನ್ನೇ ಒರೆಸಿದರು. ನಾನೇ ಹೇಳಿದೆ. ತಂಡಕ್ಕೆ ಆಗಿದೆ, ಆದರೆ ಆಡಲಿಕ್ಕೆ ಅಲ್ಲ, ಯಾರಿಗಾದರೂ ಪೆಟ್ಟಾದರೆ ಮಾತ್ರ, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿರಬೇಕು ಅಂತ.

ಗಿರಿಜಕ್ಕ ಪೂರ್ತಿ ಕೇಳಿಸಿಕೊಂಡರು.

"ಬೆಂಚಲ್ಲಿ ಕೂತವರಿಗೂ ಕಾಲೇಜಲ್ಲಿ ಸೀಟು ಕೊಡ್ತಾರಾ?"

ಗೋಳಿಬಜೆಯಲ್ಲಿ ಮೈದಾನ ಕಟ್ಟಿದ ಅಷ್ಟೂ ದಿನಗಳಲ್ಲಿ ಈ ಒಂದು ಪ್ರಶ್ನೆ ಯಾರ ಬಾಯಲ್ಲೂ ಬಂದಿರಲಿಲ್ಲ. ಬಿ.ಎ., ಬಿ.ಪಿ.ಎಡ್. ಬಾಯಲ್ಲೂ ಬಂದಿರಲಿಲ್ಲ. "ಗೊತ್ತಿಲ್ಲ ಗಿರಿಜಕ್ಕ, ಕೇಳ್ತೇನೆ" ಅಂದು ಅಲ್ಲೇ ನಿಂತು ಮೈಸೂರಿನ ಕಾಲೇಜಿನ ಕ್ರೀಡಾ ವಿಭಾಗದವರಿಗೆ ಫೋನ್ ಮಾಡಿದೆ. ಅವಸರಕ್ಕೆ ತಪ್ಪಿ ಸ್ಪೀಕರ್ ಒತ್ತಿದೆ. ಇಡೀ ಹೋಟೆಲು ಕಿವಿಯಾಯಿತು. ಕಾವಲಿಯ ಮೇಲಿನ ದೋಸೆ ಮಾತ್ರ ಚುಂಯ್ ಅನ್ನುತ್ತಿತ್ತು.

"ಸಾರ್, ರಿಸರ್ವ್ ಆಟಗಾರ್ತಿಗೆ ಕೋಟಾ ಉಂಟಾ?"

"ತಂಡದಲ್ಲಿ ಹೆಸರಿದೆ ಅಲ್ವಾ ಮೇಡಂ?"

"ಇದೆ ಸಾರ್."

"ಮತ್ತೇನು? ಯಾವ ಜಾಗದಲ್ಲಿ ಆಡಿದ್ರು, ನಿಂತಿದ್ರೋ ಕೂತಿದ್ರೋ ಅಂತ ನಾವು ಕೇಳಲ್ಲ. ಕಳ್ಸಿಕೊಡಿ."

ಫೋನ್ ಇಟ್ಟೆ. ಗಿರಿಜಕ್ಕ ನನ್ನ ಮುಖ ನೋಡಿದರು.

"ಸಿಕ್ತದೆ" ಅಂದೆ.

"ಹಾಗಾದ್ರೆ ಕೂರ್ಲಿ" ಅಂದರು. ತಾವೂ ಒಂದು ಬೆಂಚು ಎಳೆದು ಕೂತರು. ಅಷ್ಟು ವರ್ಷದಲ್ಲಿ ಅವರು ಆ ಹೋಟೆಲಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಬಾಗಿಲಲ್ಲೇ ನಿಂತು ಪಾರ್ಸೆಲ್ ತಗೊಂಡು ಹೋಗುವವರು. "ನಮ್ಮನೇಲಿ ಕೂತ್ಕೊಂಡು ಎಂತಾದ್ರೂ ಸಿಕ್ಕಿದ್ದು ಇದೇ ಮೊದಲು ಮೇಡಂ. ಶ್ರೀಧರಣ್ಣ, ಒಂದು ಚಾ ಕೊಡಿ."

ಬಂದ್ ಆಗಲಿಲ್ಲ. ಫ್ಲೆಕ್ಸನ್ನು ಗಿರಿಜಕ್ಕ ಕೇಳಿ ತಗೊಂಡು ಹೋದರು. ಈಗಲೂ ಅವರ ಸೌದೆ ರಾಶಿಯ ಮೇಲೆ ಇದೆ, ಕೈಮುಗಿದ ಶ್ರೀಧರಣ್ಣ ಮೂರು ತಾಲ್ಲೂಕಿನ ಪರವಾಗಿ ಮಳೆ ತಡೆಯುತ್ತಿದ್ದಾರೆ. ಚೈತ್ರ ಹಾಸ್ಟೆಲಿಗೆ ಹೊರಟ ವರ್ಷವೇ ಶಾಲೆಯವರು ಸವೆದ ಚೆಂಡನ್ನು ಬಿಸಾಡಲು ಹೊರಟಿದ್ದರು, ನಾನು ಮನೆಗೆ ತಂದೆ. ಟೀವಿ ಪಕ್ಕ ಇಟ್ಟರೆ ಉರುಳಿ ಉರುಳಿ ಬೀಳುತ್ತಿತ್ತು. ಮಗಳ ಪೆಟ್ಟಿಗೆ ತಲೆ ಮೇಲೆ ಹೊತ್ತು ತಂದು ಅವಳನ್ನು ಬಸ್ಸು ಹತ್ತಿಸಿ ಬಂದ ಗಿರಿಜಕ್ಕ ಅದನ್ನು ನೋಡಿ, ಕಂಕುಳಲ್ಲಿದ್ದ ಸಿಂಬಿ ತೆಗೆದು ಅದರಡಿಗೆ ಕೊಟ್ಟರು. ಅವತ್ತಿನಿಂದ ಅಲ್ಲಾಡಿಲ್ಲ.

ಮೊನ್ನೆ ರಜೆಗೆ ಬಂದ ಚೈತ್ರಳನ್ನು ಕರೆದುಕೊಂಡು ಹೋಟೆಲಿಗೆ ಹೋದೆ. ಅವಳು ಈಗ ಬಿ.ಎ. ಎರಡನೇ ವರ್ಷ. ಶ್ರೀಧರಣ್ಣ ಬನ್ಸ್ ತಂದಿಟ್ಟು, ಕೇಳಬೇಕಾದದ್ದನ್ನು ಬಿಟ್ಟು ಅದನ್ನೇ ಕೇಳಿದರು: "ಮತ್ತೆ ಆಡ್ಸಿದ್ರಾ?"

"ಕೊನೆಗೆ ಸ್ವಲ್ಪ ಹೊತ್ತು ಇಳಿಸಿದ್ರು ಶ್ರೀಧರಣ್ಣ."

"ಸೆಂಟರಲ್ಲಾ?"

"ಅಲ್ಲ, ಬದಿಯಲ್ಲಿ."

"ಹಾಳು ಮಾಡಿದ್ರು ಮಾರಾಯ್ರೆ, ಒಳ್ಳೇ ಹುಡುಗಿನ" ಅಂತ ಅವರು ಪಕ್ಕದ ಮೇಜಿಗೆ ಹೇಳಿದರು. ಪಕ್ಕದ ಮೇಜು ಒಪ್ಪಿತು. ಭಟ್ರು ಗೋಳಿಬಜೆ ಜೋಡಿಸಲು ಶುರು ಮಾಡಿದರು.

ಚೈತ್ರ ಅತ್ತ ನೋಡಲಿಲ್ಲ. ಬನ್ಸ್ ಮುರಿಯುತ್ತಾ ನನ್ನ ಕಡೆ ಬಾಗಿ, "ಮೇಡಂ, ನಿಮ್ಮನೆ ಗೇಟಿನ ಬೋರ್ಡು ಯಾರ ಹತ್ರ ಬರ್ಸಿದ್ದು?" ಅಂತ ಕೇಳಿದಳು.

"ಯಾಕೆ? ಇನ್ನೂ ಎರಡನೇ ವರ್ಷ ಅಲ್ವಾ ಮಾರಾಯ್ತಿ?"

"ಮುಗಿದ ಮೇಲೇ ಬರ್ಸೋದು. ಅಮ್ಮ ಈಗ್ಲೇ ಕೇಳಿಡು ಅಂದ್ಲು. ಅವರೆಲ್ಲಾದ್ರೂ ಅಂಗಡಿ ಮುಚ್ಚಿದ್ರೆ?"

ಶ್ರೀಧರಣ್ಣನ ಕಿವಿ ಚುರುಕು. ಗಲ್ಲಾದಿಂದಲೇ ಕೂಗಿದರು: "ಬೋರ್ಡಾ? ಹೆಸರಿನ ಅಡಿಗೆ ಸೆಂಟರ್ ಅಂತಲೂ ಬರ್ಸು ಮಗಾ! ಇಲ್ಲಿ ಯಾರು ಬಂದು ನೋಡ್ತಾರೆ?"

"ಬಿ.ಎ. ಅಂತ ಬರ್ಸ್ತೀನಿ ಶ್ರೀಧರಣ್ಣ" ಅಂದಳು. "ಜಾಗ ಉಳಿದ್ರೆ, ರಿಸರ್ವ್."